ಗಣಕಯಂತ್ರದ ನೆನಪು ತಪ್ಪಿದಾಗ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಹೊಲದ ಪಹಣಿಪತ್ರಿಕೆಗೆ ಉತಾರ ಎನ್ನುತ್ತಾರೆ. ಒಂದು ಕಾಲಕ್ಕೆ ಈ ಉತಾರದ ಮೂಲ ಇರುತ್ತಿದ್ದುದು ತಲಾಠಿಯ ದಫ್ತರದಲ್ಲಿ. ಬಟ್ಟೆಯಲ್ಲಿ ಕಟ್ಟಿದ ಆ ಗಂಟನ್ನು ಬಿಚ್ಚಿದರೆ ಯಾರ ಹೊಲ ಎಲ್ಲಿ, ಅದರ ಪಟ್ಟಿ ಎಷ್ಟು, ಬೆಳೆ ಏನು, ಬೋಜಾ ಯಾರದು ಎಂಬುದೆಲ್ಲ ತಿಳಿಯುತ್ತಿತ್ತು. ಈ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ ಕರ್ನಾಟಕ ಸರಕಾರದ 'ಭೂಮಿ' ಯೋಜನೆ ಬಂದಿತು. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೇರಿದವು. ಕೈಬರಹದ ಪಹಣಿಗೆ ಇದ್ದ ಮಾನ್ಯತೆ ಮುಗಿಯಿತು. ಆಗಿನ್ನೂ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು; ಇವೆರಡೂ ಪ್ರತ್ಯೇಕ ತಾಲ್ಲೂಕುಗಳಾದುದು 2018ರಲ್ಲಿ.

ಸರಕಾರದ ಉತಾರದ ಯೋಗಕ್ಷೇಮವನ್ನು ಈಗ ರಾಜಧಾನಿಯ ದತ್ತಾಂಶ ಕೇಂದ್ರ ನೋಡಿಕೊಳ್ಳುತ್ತದೆ. ಅದರ ಚಿಂತೆ ನನ್ನದಲ್ಲ. ನನ್ನ ಚಿಂತೆ ಉಳಿದವರದು. ನಮ್ಮ ಐದೂ ಊರುಗಳಲ್ಲಿ ಮುದ್ರಣಾಲಯದವನು ಅಚ್ಚಿಗೆ ಜೋಡಿಸಿದ ಪುಟಗಳು, ಫೋಟೋ ಸ್ಟುಡಿಯೋದವನು ತೆಗೆದ ಮದುವೆಯ ಚಿತ್ರಗಳು, ಹಾಲಿನ ಸಂಘದ ಲೆಕ್ಕ, ನಿವೃತ್ತ ಅಧ್ಯಾಪಕರ ಅರ್ಧ ಬರೆದ ಆತ್ಮಕಥೆ, ಎಲ್ಲವೂ ಒಂದು ಅಂಗೈಯಗಲದ ಲೋಹದ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಅದಕ್ಕೆ ಹಾರ್ಡ್ ಡಿಸ್ಕ್ ಎಂದು ಹೆಸರು. ಅದಕ್ಕೆ ತಲಾಠಿಯೂ ಇಲ್ಲ, ತಹಶೀಲ್ದಾರರೂ ಇಲ್ಲ. ಒಂದು ದಿನ ಬೆಳಗ್ಗೆ ಗುಂಡಿ ಒತ್ತಿದರೆ ಪರದೆಯ ಮೇಲೆ 'ಈ ಡಿಸ್ಕನ್ನು ಓದಲಾಗುತ್ತಿಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಮೂಡುತ್ತದೆ. ಆ ವಾಕ್ಯ ಮೂಡಿದ ಮೇಲೆ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂಬುದನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ. ಈ ಸೀಮೆಯ ಯಂತ್ರಗಳನ್ನು ಬಹುಕಾಲ ಬಿಚ್ಚಿ ಜೋಡಿಸಿದವನು ನಾನು. ಸಾಹಿತ್ಯವನ್ನು ಓದುವ ಚಟವೂ ಉಂಟು. ಆದುದರಿಂದ ನನ್ನ ಉಪಮೆಗಳು ಎರಡೂ ಕಡೆಯಿಂದ ಬಂದರೆ ಕೇಳುಗರು ಸಹಿಸಿಕೊಳ್ಳಬೇಕು.

ಮೊದಲು ಈ ಪೆಟ್ಟಿಗೆಯ ಒಳಗೇನಿದೆ ಎಂಬುದನ್ನು ನೋಡೋಣ. ಇದರ ಮೂಲಪುರುಷ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ. 24 ಅಂಗುಲ ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಯಂತ್ರ ಒಂದು ಟನ್ನಿನಷ್ಟು ತೂಗುತ್ತಿತ್ತು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಚಿಹ್ನೆಗಳು. ಇಂದು ಕಿಸೆಯಲ್ಲಿ ಕೂಡುವ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಸುತ್ತದೆ. ಆದರೆ ತತ್ತ್ವ ಬದಲಾಗಿಲ್ಲ. ಕಾಂತಲೇಪದ ನುಣುಪಾದ ತಟ್ಟೆಯೊಂದು ನಿಮಿಷಕ್ಕೆ 5400 ಸಲವೋ 7200 ಸಲವೋ ತಿರುಗುತ್ತದೆ. ಓದುವ ಸೂಜಿಯಂತಿರುವ ತಲೆಯೊಂದು ಅದರ ಮೇಲೆ, ಮುಟ್ಟದೆ, ಗಾಳಿಯ ತೆಳು ಪೊರೆಯ ಮೇಲೆ ತೇಲುತ್ತದೆ. ತಟ್ಟೆಗೂ ತಲೆಗೂ ನಡುವಣ ಅಂತರ ಕೆಲವೇ ನ್ಯಾನೊಮೀಟರು. ಮನುಷ್ಯನ ತಲೆಗೂದಲೊಂದನ್ನು ಉದ್ದಕ್ಕೆ ಸಾವಿರಾರು ಸೀಳು ಮಾಡಿದರೆ ಒಂದು ಸೀಳಿನ ದಪ್ಪ ಎಷ್ಟಾದೀತೋ ಅಷ್ಟು. ನಿಪ್ಪಾಣಿಯ ಬೀಡಿಯ ಹೊಗೆಯ ಒಂದು ಕಣವೂ ಆ ಸಂದಿನಲ್ಲಿ ಹಿಡಿಸದು. ಡಿಸ್ಕಿನ ಮುಚ್ಚಳ ತೆಗೆದು ಒಳಗೆ ಏನಾಗಿದೆ ನೋಡೋಣ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾಗಿಲ್ಲ.

ತಟ್ಟೆಯ ಮೇಲಿನ ಬರಹವನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿರುತ್ತಾರೆ. ಒಂದೊಂದು ತುಂಡಿಗೆ ಸೆಕ್ಟರ್ ಎಂದು ಹೆಸರು. ಹಳೆಯ ಡಿಸ್ಕುಗಳಲ್ಲಿ ಒಂದು ಸೆಕ್ಟರಿಗೆ 512 ಬೈಟು, ಈಚಿನವುಗಳಲ್ಲಿ 4096. ಇದು ಎಷ್ಟಾಯಿತು ಎಂದು ಕೇಳಿದರೆ, ಸಾಹಿತ್ಯಪ್ರಿಯರಿಗೆ ನಾನು ಒಂದು ಲೆಕ್ಕ ಹೇಳುವುದುಂಟು. ಇಂದಿನ ಯುನಿಕೋಡ್ ಪದ್ಧತಿಯ ಸಾದಾ ಕಡತದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. 'ಕ' ಒಂದು ಸಂಕೇತ. 'ಕ್ಷಾ' ಎಂದರೆ ನಾಲ್ಕು ಸಂಕೇತ, ಅಂದರೆ 12 ಬೈಟು. ಹೀಗೆ ಎಣಿಸಿದರೆ 512 ಬೈಟಿನ ಸೆಕ್ಟರಿನಲ್ಲಿ ಸರಿಸುಮಾರು ಒಂದು ಭಾಮಿನೀ ಷಟ್ಪದಿಯ ಪದ್ಯ ಹಿಡಿಸುತ್ತದೆ. 4096ರದರಲ್ಲಿ ಏಳೆಂಟು ಪದ್ಯ. ಡಿಸ್ಕಿನಲ್ಲಿ ಒಂದು ಸೆಕ್ಟರ್ ಕೆಟ್ಟಿತು ಎಂದರೆ ಇಷ್ಟು ಅಳಿಸಿತು ಎಂದು ಅರ್ಥ.

ಷಟ್ಪದಿಯ ಮಾತು ಬಂದಿತು. ಅದನ್ನೇ ಇನ್ನೊಂದು ಹೆಜ್ಜೆ ಮುಂದುವರಿಸುತ್ತೇನೆ. ಲಿಪಿಕಾರನು ಪದ್ಯವನ್ನು ನಕಲು ಮಾಡುವಾಗ ಒಂದಕ್ಷರ ಬಿಟ್ಟರೆ ಓದುವವನಿಗೆ ಹೇಗೆ ಗೊತ್ತಾಗುತ್ತದೆ? ಮಾತ್ರೆ ಕೂಡುವುದಿಲ್ಲ. ಎರಡನೆಯ ಅಕ್ಷರ ತಪ್ಪಿದ್ದರೆ ಪ್ರಾಸ ಕೂಗಿ ಹೇಳುತ್ತದೆ. ಬಲ್ಲವನಾದರೆ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದಷ್ಟೇ ಅಲ್ಲ, ಅಲ್ಲಿ ಯಾವ ಅಕ್ಷರ ಇದ್ದಿರಬೇಕು ಎಂದು ಊಹಿಸಿ ತುಂಬಿಯೂ ಬಿಡುತ್ತಾನೆ. ಡಿಸ್ಕು ಮಾಡುವುದೂ ಇದನ್ನೇ. ಪ್ರತಿ ಸೆಕ್ಟರಿನ ಕೊನೆಗೆ ಗಣಿತದ ಒಂದು ಪ್ರಾಸವನ್ನು ಕಟ್ಟಿರುತ್ತದೆ. ಓದುವಾಗ ಪ್ರಾಸ ತಪ್ಪಿದರೆ ಅದೇ ಗಣಿತದಿಂದ ಕೆಲವು ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ನಮಗೆ ಗೊತ್ತಿಲ್ಲದಂತೆ ದಿನವೂ ಇಂಥ ತಿದ್ದುಪಡಿ ನಡೆಯುತ್ತಲೇ ಇರುತ್ತದೆ. ತಿದ್ದಲಾರದಷ್ಟು ಅಕ್ಷರಗಳು ಹೋದಾಗ ಮಾತ್ರ ಅದು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಆಗಲೇ ಯಂತ್ರ ನಿಧಾನವಾಗುವುದು. ಒಂದು ಫೋಲ್ಡರ್ ತೆರೆಯಲು ಎರಡು ನಿಮಿಷ ಹಿಡಿಯುವುದು. 'ಕಂಪ್ಯೂಟರು ಹಳತಾಯಿತು, ಅದಕ್ಕೇ ಸಾವಕಾಶ' ಎಂದು ನಾವು ಸುಮ್ಮನಾಗುತ್ತೇವೆ. ಬಹಳ ಸಲ ಅದು ವೃದ್ಧಾಪ್ಯವಲ್ಲ, ಕಾಯಿಲೆಯ ಮೊದಲ ಲಕ್ಷಣ.

ಈಗ ತಪ್ಪುಗಳ ಜಾತಿಗಳನ್ನು ನೋಡಬೇಕು. ಉತಾರದ ಉಪಮೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಲ ಬೇರೆ, ಹೊಲದ ಉತಾರ ಬೇರೆ, ಹೊಲಕ್ಕೆ ಹೋಗುವ ದಾರಿ ಬೇರೆ. ಡಿಸ್ಕಿನಲ್ಲಿಯೂ ಹಾಗೆಯೇ. ತಟ್ಟೆಯ ಮೇಲಿನ ಸೆಕ್ಟರುಗಳು ಹೊಲ. ಯಾವ ಕಡತ ಯಾವ ಸೆಕ್ಟರುಗಳಲ್ಲಿದೆ ಎಂದು ಬರೆದಿಟ್ಟ ಯಾದಿ ಉತಾರ. ತಂತಿ, ವಿದ್ಯುತ್ತು, ಕೆಳಗಿನ ಹಸಿರು ಹಲಗೆ ಇವು ದಾರಿ. ಪರದೆಯ ಮೇಲೆ ಮೂಡುವ ಸಂದೇಶ ಈ ಮೂರನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಹೇಳುವವರು ನಾವೇ ಆಗಬೇಕು.

ದಾರಿ ಕೆಟ್ಟದ್ದು ಎಲ್ಲಕ್ಕಿಂತ ಸುಲಭದ ಕಾಯಿಲೆ. ವಿಚಿತ್ರವೆಂದರೆ ಜನ ಕೊನೆಗೆ ನೋಡುವುದೂ ಅದನ್ನೇ. ಹೊರಗಿನಿಂದ ಜೋಡಿಸುವ ಡಿಸ್ಕಾದರೆ ಮೊದಲು ಕೇಬಲ್ ಬದಲಿಸಿ, ಬೇರೆ ರಂಧ್ರಕ್ಕೆ ಹಾಕಿ, ಸಾಧ್ಯವಾದರೆ ಬೇರೆ ಯಂತ್ರಕ್ಕೇ ಹಾಕಿ ನೋಡಿ. ನಿಪ್ಪಾಣಿಯ ತಂಬಾಕಿನ ವಖಾರಿಗಳ ಬದಿಯ ಅಂಗಡಿಗಳಲ್ಲಿ ಯಂತ್ರದ ಬೀಸಣಿಗೆಗೆ ಬೆರಳು ದಪ್ಪ ಧೂಳು ಮೆತ್ತಿಕೊಂಡಿದ್ದನ್ನು ಕಂಡಿದ್ದೇನೆ. ತೆರೆದರೆ ಮೊದಲು ಹತ್ತು ಸೀನು. ಆ ಧೂಳು ಡಿಸ್ಕಿನ ಒಳಗೆ ಹೋಗದು, ಅದಕ್ಕೆ ಸೋಸುವ ಪರದೆಯಿದೆ. ಆದರೆ ಕೇಬಲಿನ ಬಾಯಿಯಲ್ಲಿ ಕೂತು ಸಂಪರ್ಕ ಕೆಡಿಸುತ್ತದೆ. ಇನ್ನು ವಿದ್ಯುತ್ತು. ಬೇಸಗೆಯಲ್ಲಿ ಹೊಲದ ಪಂಪುಗಳೆಲ್ಲ ಒಮ್ಮೆಗೇ ಹೊರಟಾಗ ದೀಪ ಮಂಕಾಗುವ ಊರುಗಳು ನಮ್ಮವು. ಡಿಸ್ಕು ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಕಡತ ಅರ್ಧ ಹೊಸದು, ಅರ್ಧ ಹಳೆಯದಾಗಿ ಉಳಿಯುತ್ತದೆ, ಯಾದಿಯೂ ತಪ್ಪುತ್ತದೆ. ಒಂದು ಸಣ್ಣ ಯು.ಪಿ.ಎಸ್. ಇಟ್ಟುಕೊಳ್ಳುವ ಖರ್ಚು ಒಂದು ಪುಸ್ತಕದ ಕರಡನ್ನು ಮತ್ತೆ ಬೆರಳಚ್ಚು ಮಾಡಿಸುವ ಖರ್ಚಿಗಿಂತ ಕಡಿಮೆಯೇ.

ಉತಾರ ಕೆಟ್ಟದ್ದು ಎರಡನೆಯ ಬಗೆ. ಹೊಲ ಇದ್ದಲ್ಲೇ ಇದೆ, ಬೆಳೆಯೂ ನಿಂತಿದೆ, ಆದರೆ ಯಾರದೆಂದು ಹೇಳುವ ಕಾಗದ ಹರಿದಿದೆ. ಆಗ ವಿಂಡೋಸ್ ವ್ಯವಸ್ಥೆ ಬಹು ವಿನಯದಿಂದ ಒಂದು ಪ್ರಶ್ನೆ ಕೇಳುತ್ತದೆ: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಇದಕ್ಕಿಂತ ಅಪಾಯಕರವಾದ ವಿನಯವನ್ನು ನಾನು ಬೇರೆಲ್ಲೂ ಕಂಡಿಲ್ಲ. 'ಹೂಂ' ಎಂದಿರೋ, ಹರಿದ ಉತಾರವನ್ನು ಕಿತ್ತೊಗೆದು ಖಾಲಿ ಉತಾರವೊಂದನ್ನು ಬರೆದಂತಾಯಿತು. ಪೂರ್ತಿ ಫಾರ್ಮ್ಯಾಟ್ ಆದರೆ ಹೊಲವನ್ನೇ ನೇಗಿಲಿಟ್ಟು ಉತ್ತಂತೆ.

ಇದೇ ಕಾಯಿಲೆಗೆ ವಿಂಡೋಸಿನಲ್ಲಿ 'ಚೆಕ್‌ಡಿಸ್ಕ್' ಎಂಬ ಔಷಧಿಯೂ ಉಂಟು. ಒಳ್ಳೆಯ ಔಷಧಿ, ರೋಗ ತಿಳಿದು ಕೊಟ್ಟರೆ. ಅದರ ಕೆಲಸ ಉತಾರವನ್ನು ಒಪ್ಪ ಮಾಡುವುದು. ಯಾದಿಯಲ್ಲಿ ಹೆಸರಿಲ್ಲದ ತುಂಡುಗಳು ಸಿಕ್ಕರೆ ಅವನ್ನು 'ಫೌಂಡ್.000' ಎಂಬ ಅನಾಥಾಲಯದಲ್ಲಿ ಹೆಸರಿಲ್ಲದೆ ಕೂಡಿಹಾಕುತ್ತದೆ. ಯಾದಿ ಸರಿಹೊಂದಿದರೆ ಅದಕ್ಕೆ ಸಮಾಧಾನ. ತಮ್ಮ ಕವನ ಉಳಿಯಿತೇ ಎಂಬ ಪ್ರಶ್ನೆ ಅದರದಲ್ಲ. ಇಡೀ ತಟ್ಟೆಯನ್ನು ಓದಿಸಿ ಕೆಟ್ಟ ಸೆಕ್ಟರು ಹುಡುಕುವ ಅದರ ಇನ್ನೊಂದು ವಿಧಾನವಂತೂ ಗಂಟೆಗಟ್ಟಲೆ ದುಡಿತ. ತಟ್ಟೆಯೇ ಸಾಯುತ್ತಿರುವಾಗ ಆ ದುಡಿತಕ್ಕೆ ಹಚ್ಚುವುದು, ಎದೆನೋವಿನವನನ್ನು ಹೃದಯ ಪರೀಕ್ಷಿಸಲೆಂದು ಬೆಟ್ಟ ಹತ್ತಿಸಿದ ಹಾಗೆ.

ಇದನ್ನು ಒಂದು ನಿದರ್ಶನದಿಂದ ಹೇಳುತ್ತೇನೆ. ರಾಯಬಾಗದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ನಿವೃತ್ತ ಶಿಕ್ಷಕರಿದ್ದರು. ಸುತ್ತಿನ ಊರುಗಳ ಮುದುಕಿಯರು ಹೇಳುವ ಬೀಸುಕಲ್ಲಿನ ಹಾಡುಗಳನ್ನು ಹನ್ನೆರಡು ವರ್ಷಗಳಿಂದ ಕೇಳಿ ಕೇಳಿ ಬರೆದುಕೊಂಡು, ಒಂದೊಂದು ಹಾಡನ್ನೂ ಒಂದೊಂದು ಕಡತವಾಗಿ ತಾವೇ ಬೆರಳಚ್ಚು ಮಾಡಿದ್ದರು. ಯಂತ್ರ ಕೆಲವು ವಾರಗಳಿಂದ ನಿಧಾನವಾಗಿತ್ತು. ಬಳಿಕ ಕಡತ ತೆರೆಯುವಾಗ 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಎಂಬ ಸಂದೇಶ ಬಂದಿತು. ಇದು ಪ್ರಾಸ ತಪ್ಪಿತು ಎಂದು ಹೇಳುವ ಗಣಿತದ ಭಾಷೆ. ಅವರ ಸೋದರಳಿಯ ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದ. ಅಂಗಡಿಯವರು ಡಿಸ್ಕಿನ ಆರೋಗ್ಯ ನೋಡಲಿಲ್ಲ, ನಕಲು ತೆಗೆಯಲಿಲ್ಲ. ರಾತ್ರಿಯೆಲ್ಲ ಚೆಕ್‌ಡಿಸ್ಕ್ ಹಚ್ಚಿ ಮನೆಗೆ ಹೋದರು. ಬೆಳಗಾಗುವ ಹೊತ್ತಿಗೆ ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆ ಮೂಡಿತ್ತು. ಪುಣ್ಯಕ್ಕೆ, ಮೇಷ್ಟ್ರು ಅಷ್ಟರಲ್ಲಿ ಬಂದು 'ಬ್ಯಾಡ' ಎಂದರು.

ಡಿಸ್ಕು ನನ್ನ ಕೈಗೆ ಬಂದಾಗ ಮೊದಲು ನೋಡಿದ್ದು ಅದರ 'ಸ್ಮಾರ್ಟ್' ದಾಖಲೆಯನ್ನು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಿ ತೋರಿಸುವ ಉಚಿತ ಸಾಧನಗಳಿವೆ. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್. ಅಲ್ಲಿ ಸಾಲು ಸಾಲು ಅಂಕೆಗಳಿದ್ದರೂ ಗೃಹಸ್ಥರು ನೋಡಬೇಕಾದವು ನಾಲ್ಕೇ. 5ನೆಯ ಸಾಲು, ಕೆಟ್ಟ ಸೆಕ್ಟರಿನ ಬದಲು ಮೀಸಲು ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರುಗಳ ಲೆಕ್ಕ. ಹೊಳೆಯ ದಂಡೆಯಿಂದ ಎಬ್ಬಿಸಿ ದಿಬ್ಬದ ಮೇಲೆ ಪುನರ್ವಸತಿ ಮಾಡಿದ ಮನೆಗಳಂತೆ. 197ನೆಯದು, ಓದಲಾಗದೆ ಅತ್ತವೂ ಅಲ್ಲ ಇತ್ತವೂ ಅಲ್ಲದೆ ಕಾದಿರುವ ಸೆಕ್ಟರುಗಳು. 198, ಪರೀಕ್ಷಿಸಿದರೂ ಓದಲಾಗದೆ ಹೋದವು. ಈ ಮೂರೂ ಸೊನ್ನೆಯಾಗಿರಬೇಕು. 199ನೆಯ ಸಾಲು ಮಾತ್ರ ದಾರಿಯದು. ಉಳಿದವು ಸೊನ್ನೆಯಾಗಿ ಇದೊಂದೇ ಏರುತ್ತಿದ್ದರೆ ಡಿಸ್ಕಿನ ಮೇಲೆ ಅಪವಾದ ಹೊರಿಸಬೇಡಿ, ಕೇಬಲ್ ಬದಲಿಸಿ. ಮೇಷ್ಟ್ರ ಡಿಸ್ಕಿನಲ್ಲಿ 197ನೆಯ ಸಾಲು ನೂರುಗಳಲ್ಲಿತ್ತು.

ಹೊಲವೇ ಕೆಟ್ಟಿತ್ತು ಎಂದಾಯಿತು. ಇಲ್ಲಿ ಮಾಡಬೇಕಾದುದು ಒಂದೇ. ರಿಪೇರಿ ಅಲ್ಲ, ನಕಲು. ಬೇರೆ ಒಳ್ಳೆಯ ಡಿಸ್ಕೊಂದನ್ನು ತಂದು ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಪ್ರತಿ ಎತ್ತತೊಡಗಿದೆ. ಈ ಉಪಕರಣದ ಜಾಣತನ ನನಗೆ ಬಹಳ ಮೆಚ್ಚಿಗೆ. ಸಾಮಾನ್ಯ ನಕಲುಗಾರನು ಕೆಟ್ಟ ಸೆಕ್ಟರು ಸಿಕ್ಕ ಕೂಡಲೇ ಅಲ್ಲೇ ಜಗ್ಗಾಡುತ್ತ ನಿಲ್ಲುತ್ತಾನೆ. ಅಷ್ಟರಲ್ಲಿ ತಲೆ ಸವೆದು ಉಳಿದ ಒಳ್ಳೆಯ ಭಾಗವೂ ಕೈತಪ್ಪುತ್ತದೆ. ಇದು ಹಾಗಲ್ಲ. ಸುಲಭವಾಗಿ ಓದಬಹುದಾದುದನ್ನೆಲ್ಲ ಮೊದಲು ಎತ್ತಿಕೊಂಡು, ಓದಲಾಗದ ಜಾಗಗಳನ್ನು ನಕ್ಷೆಯೊಂದರಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಮಾತ್ರ ಆ ಜಾಗಗಳಿಗೆ ತಿರುಗಿ ಬಂದು, ಬೇಕಾದರೆ ಹಿಂದುಮುಂದಾಗಿಯೂ ಓದಿ, ಸಣ್ಣ ಸಣ್ಣ ಚೂರುಗಳಲ್ಲಿ ಯತ್ನಿಸುತ್ತದೆ. ನಡುವೆ ವಿದ್ಯುತ್ತು ಹೋದರೂ ನಕ್ಷೆ ಇರುವುದರಿಂದ ನಿಂತಲ್ಲಿಂದ ಮುಂದುವರಿಯಬಹುದು. ಮೊದಲ ರಾತ್ರಿಯಲ್ಲೇ ಹೆಚ್ಚಿನ ಭಾಗ ಬಂದಿತು. ಉಳಿದ ಚೂರುಗಳಿಗೆ ಇನ್ನೆರಡು ದಿನ ಹಿಡಿಯಿತು. ಆ ಬಳಿಕ ಡಿಸ್ಕನ್ನು ಕಳಚಿಟ್ಟು, ಚೆಕ್‌ಡಿಸ್ಕ್ ಮೊದಲಾದ ಚಿಕಿತ್ಸೆಗಳನ್ನೆಲ್ಲ ಆ ಪ್ರತಿಯ ಇನ್ನೊಂದು ಪ್ರತಿಯ ಮೇಲೆ ಮಾಡಿದೆವು. ಅಲ್ಲಿ ತಪ್ಪಿದರೂ ಮತ್ತೊಂದು ಪ್ರತಿ ಮಾಡಿಕೊಳ್ಳಬಹುದಲ್ಲ!

ಕಡತಗಳು ಬಂದವು, ಆದರೆ ಹೆಸರಿಲ್ಲದೆ. ತೆರೆದು ನೋಡಿದ ಮೇಷ್ಟ್ರ ಮುಖ ಬಾಡಿತು. ಒಂದಕ್ಷರ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳ ರಾಶಿ. ಎಲ್ಲ ಕೆಟ್ಟುಹೋಯಿತೆಂದೇ ಅವರು ತಿಳಿದರು. ಅದು ಡಿಸ್ಕಿನ ದೋಷವಾಗಿರಲಿಲ್ಲ. ಯುನಿಕೋಡ್ ಮನೆಮನೆಗೆ ಬರುವ ಮುನ್ನ ನಾವೆಲ್ಲ ಬೆರಳಚ್ಚು ಮಾಡುತ್ತಿದ್ದುದು ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ. ಅವು ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿದಂಥವು. ವೇಷ ಕಳಚಿದರೆ ಕಾಣುವುದು ಇಂಥ ರಾಶಿಯೇ. ಹಳೆಯ ಅಕ್ಷರವಿನ್ಯಾಸವನ್ನು ಯಂತ್ರಕ್ಕೆ ಕೂಡಿಸಿದೊಡನೆ ಹಾಡುಗಳು ಒಂದೊಂದಾಗಿ ಕಣ್ಣು ಬಿಟ್ಟವು. ಇದನ್ನು ಏಕೆ ಹೇಳಿದೆನೆಂದರೆ, ಹೀಗೆ ಕಂಡ ಮಾತ್ರಕ್ಕೆ ಕೆಟ್ಟಿವೆಯೆಂದು ಅಳಿಸಿಹಾಕಿದ ಕನ್ನಡ ಬರಹಗಳು ಕಡಿಮೆಯಿರಲಾರವು. ಇವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಉಚಿತವಾಗಿಯೇ ದೊರೆಯುತ್ತವೆ. ಪರಿವರ್ತಿಸಿ ಇಟ್ಟುಕೊಳ್ಳುವುದು ಲೇಸು.

ಇನ್ನೊಂದು ಮಾತು. ಮೇಷ್ಟ್ರು ಹಾಡುಗಳನ್ನು ಸಾದಾ ಕಡತಗಳಲ್ಲಿ ಇಟ್ಟಿದ್ದರು. ಅದರಲ್ಲಿ ಒಂದು ಸೆಕ್ಟರು ಹೋದರೆ ಹೋಗುವುದು ಒಂದೆರಡು ನುಡಿ ಮಾತ್ರ. ಈಚಿನ ವರ್ಡ್ ಕಡತಗಳು ಒತ್ತಿ ಮಡಿಚಿಟ್ಟ ಗಂಟುಗಳು. ಒಂದು ಸೆಕ್ಟರು ಕೆಟ್ಟರೂ ಇಡೀ ಗಂಟು ಬಿಚ್ಚಿಕೊಳ್ಳದೆ ಹೋಗಬಹುದು. ಆ ಭಾಗ್ಯದಿಂದ ಹಲವು ಹಾಡುಗಳು ನಡುವೆ ಒಂದು ನುಡಿ ಕಳೆದುಕೊಂಡು ಉಳಿದವು. ಆದರೂ ಹನ್ನೊಂದು ಹಾಡು ಪೂರ್ತಿ ಸಿಗಲಿಲ್ಲ. ನಾಲ್ಕರ ಮೊದಲ ಸಾಲುಗಳು ಮೇಷ್ಟ್ರ ನೋಟುಬುಕ್ಕಿನಲ್ಲಿದ್ದವು. ಅವನ್ನು ಹಿಡಿದು ಇನ್ನೊಂದು ಊರಿನ ಹೆಣ್ಣುಮಕ್ಕಳಿಂದ ಬೇರೆ ಪಾಠಗಳನ್ನು ತಂದರು. ಉಳಿದ ಏಳನ್ನು ಹೇಳಿದ್ದ ಮುದುಕಿ ತೀರಿಹೋಗಿ ಆರು ವರ್ಷವಾಗಿತ್ತು.

'ಬೇರೆ ಪಾಠ' ಎಂದೊಡನೆ ನನಗೆ ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ ನೆನಪಾಗುತ್ತದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರು. ಅವರು ಸಂಪಾದಿಸಿದ ಪ್ರಾಕೃತ ಗ್ರಂಥಗಳಲ್ಲಿ ಉದ್ದ್ಯೋತನಸೂರಿಯ 'ಕುವಲಯಮಾಲಾ' ಒಂದು. ಎಂಟನೆಯ ಶತಮಾನದ ಆ ಕೃತಿಗೆ ಅವರಿಗೆ ದೊರೆತ ಆಧಾರ ಎರಡೇ ಪ್ರತಿಗಳು: ಜೈಸಲ್ಮೇರಿನ ತಾಳೆಗರಿಯದೊಂದು, ಪುಣೆಯ ಕಾಗದದ್ದೊಂದು. ಒಂದರಲ್ಲಿ ಮುಕ್ಕಾದೆಡೆ ಇನ್ನೊಂದು ನೆರವಾಗಬೇಕು. ಒಂದೇ ಪ್ರತಿ ಇದ್ದಿದ್ದರೆ ಮುಕ್ಕು ಮುಕ್ಕಾಗಿಯೇ ಉಳಿಯುತ್ತಿತ್ತು. ಸಂಪಾದಕನ ಕೆಲಸವನ್ನು ನೋಡಿ: ಮೂಲ ಗರಿಯನ್ನು ಅವನು ತಿದ್ದುವುದಿಲ್ಲ, ಅದರ ಮೇಲೆ ಗೀಚುವುದಿಲ್ಲ. ಮೊದಲು ಪ್ರತಿ ಮಾಡಿಕೊಂಡು, ಮುಕ್ಕುಗಳನ್ನು ಗುರುತಿಸಿ, ತಿದ್ದುಪಡಿಯನ್ನೆಲ್ಲ ತನ್ನ ಪ್ರತಿಯಲ್ಲಿ ಮಾಡುತ್ತಾನೆ. ಸದಲಗಾದ ಆ ವಿದ್ವಾಂಸರ ಶಿಸ್ತನ್ನೇ ನಮ್ಮ ರಿಪೇರಿ ಅಂಗಡಿಗಳ ಗೋಡೆಗೆ ಬರೆದು ಹಚ್ಚಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ನಾವು ಅದನ್ನು ದಾನವೆಂದು ಕೊಂಡಾಡುತ್ತೇವೆ. ಅದು ಸಂರಕ್ಷಣೆಯ ಕ್ರಮವೂ ಹೌದು. ಗೆದ್ದಲು ಸಾವಿರ ಮನೆಗಳಿಗೆ ಒಮ್ಮೆಗೇ ಬರುವುದಿಲ್ಲ.

ಆರೋಗ್ಯದ ದಿನಚರಿಯನ್ನು ನೋಡುತ್ತಿದ್ದರೆ ಸಾಲದೇ, ಪ್ರತಿ ಏಕೆ ಎಂದು ಕೇಳುವವರಿದ್ದಾರೆ. 2007ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿಯ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಇತಿಹಾಸವನ್ನು ಪರಿಶೀಲಿಸಿ ಪ್ರಕಟಿಸಿದರು. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ 39 ಪಟ್ಟು ಹೆಚ್ಚು ಎಂದು ಕಂಡಿತು. ಆದುದರಿಂದ ಮೊದಲ ಲಕ್ಷಣವನ್ನೇ ಕರೆಗಂಟೆಯೆಂದು ತಿಳಿಯಬೇಕು. ಆದರೆ ಅದೇ ಲೇಖನ ಇನ್ನೊಂದನ್ನೂ ಹೇಳುತ್ತದೆ. ಸತ್ತ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚು ಭಾಗ, ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆ ಸತ್ತವು. ದಿನಚರಿಯಲ್ಲಿ ಕೆಟ್ಟದ್ದು ಬರೆದಿದ್ದರೆ ನಂಬಿ. ಒಳ್ಳೆಯದು ಬರೆದಿದ್ದರೆ ಅಷ್ಟು ನಂಬಬೇಡಿ. ಬಿಸಿಯ ಪಾತ್ರವೂ ನಾವು ಭಾವಿಸಿದ್ದಷ್ಟು ದೊಡ್ಡದಲ್ಲವೆಂದು ಅವರು ಕಂಡರು. ಅಥಣಿಯ ಬೇಸಗೆಯನ್ನು ಕಂಡವನಾದ ನನಗೆ ಇದನ್ನು ಒಪ್ಪಿಕೊಳ್ಳಲು ತುಸು ಕಾಲ ಬೇಕಾಯಿತು.

ರೇಡಿಯೋ ಕೇಳುವವರ ಕಿವಿ ಚುರುಕು ಎಂಬ ಭರವಸೆಯಿಂದ ಸಪ್ಪಳದ ಬಗ್ಗೆ ಒಂದು ಮಾತು. ಡಿಸ್ಕು ತಿರುಗುವ ಮೆಲ್ಲನೆಯ ಝೇಂಕಾರ ಸಹಜ. ಟಕ್, ಟಕ್, ಟಕ್ ಎಂದು ಗಡಿಯಾರದಂತೆ ಒಂದೇ ಅಂತರದಲ್ಲಿ ಬಡಿಯತೊಡಗಿದರೆ, ತಲೆ ತನ್ನ ದಾರಿ ಸಿಗದೆ ಮತ್ತೆ ಮತ್ತೆ ಮನೆಗೆ ಮರಳುತ್ತಿದೆ ಎಂದರ್ಥ. ಕೊಯ್ಯುವ, ಕೆರೆಯುವ ಸದ್ದಾದರೆ ತಲೆ ತಟ್ಟೆಯನ್ನೇ ಮುಟ್ಟಿರಬಹುದು. ಆಗ ತಕ್ಷಣ ಆರಿಸಬೇಕು. ಇನ್ನೊಮ್ಮೆ ಹಚ್ಚಿ ನೋಡೋಣ ಎಂಬ ಆಸೆ ಬೇಡ. ಪ್ರತಿಯೊಂದು ಸುತ್ತಿಗೂ ಲೇಪ ಕಿತ್ತು ಬರುತ್ತದೆ; ಸೆಕೆಂಡಿಗೆ ನೂರರ ಆಸುಪಾಸಿನ ಸುತ್ತು. ಡಿಸ್ಕನ್ನು ಶೀತಪೆಟ್ಟಿಗೆಯಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿಯೂ ಓಡಾಡುತ್ತಿದೆ. ಹೊರತೆಗೆದೊಡನೆ ಒಳಗೆ ಇಬ್ಬನಿ ಕೂರುತ್ತದೆ. ಅಷ್ಟೇ ಆಗುವ ಲಾಭ. ಇಂಥ ಡಿಸ್ಕನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ತಲೆ ಬದಲಿಸಬಲ್ಲ ಪ್ರಯೋಗಶಾಲೆಗಳು ದೊಡ್ಡ ನಗರಗಳಲ್ಲಿವೆ. ವೆಚ್ಚ ಹೆಚ್ಚು, ಭರವಸೆ ಕಡಿಮೆ. ಒಳಗಿರುವುದರ ಬೆಲೆ ನೋಡಿಕೊಂಡು ತೀರ್ಮಾನಿಸಬೇಕು.

ಈಗಿನ ಎಸ್.ಎಸ್.ಡಿ.ಗಳಲ್ಲಿ ತಟ್ಟೆಯೂ ಇಲ್ಲ, ತಲೆಯೂ ಇಲ್ಲ. ಬಿದ್ದರೆ ಬೇಗ ಕೆಡವು, ಸಪ್ಪಳವಿಲ್ಲ. ಸಪ್ಪಳವಿಲ್ಲ ಎಂಬುದೇ ಅವುಗಳ ತೊಡಕು ಕೂಡ. ಹೇಳದೆ ಕೇಳದೆ ಒಂದು ದಿನ ಕಾಣದಾಗುತ್ತವೆ. ಅಳಿಸಿದ ಕಡತವನ್ನು ಹಳೆಯ ಡಿಸ್ಕಿನಿಂದ ಮರಳಿ ತೆಗೆಯುವ ಸಾಧ್ಯತೆ ಎಷ್ಟೋ ಸಲ ಇರುತ್ತಿತ್ತು. ಇವುಗಳಲ್ಲಿ ಅದು ಬಹುಮಟ್ಟಿಗೆ ಇಲ್ಲ.

ಪ್ರತಿಗಳನ್ನು ಇಡುವ ಕ್ರಮಕ್ಕೆ ಬಲ್ಲವರಲ್ಲಿ ಒಂದು ಸೂತ್ರವುಂಟು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರು. ಅಂತರ್ಜಾಲದ ಕಪಾಟಿನಲ್ಲಿ ತಾನೇ ತಾನಾಗಿ ಸೇರುವ ಕಡತಗಳನ್ನೇ ಪ್ರತಿ ಎಂದು ನಂಬಿದವರು, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ ಎಂಬುದನ್ನು ನೆನಪಿಡಬೇಕು. ಅದು ಪ್ರತಿಯಲ್ಲ, ಪ್ರತಿಬಿಂಬ. ಇನ್ನು ಬೇರೆ ಊರು ಎಂಬುದು. ನಮ್ಮ ಸೀಮೆಯಲ್ಲಿ ಅದನ್ನು ನಾನು 'ಹೊಳೆಯ ಆಚೆ' ಎಂದು ತಿದ್ದಿ ಹೇಳುತ್ತೇನೆ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದ್ದನ್ನು ಯಾರೂ ಮರೆತಿಲ್ಲ. 2019ರಲ್ಲಿ ನಿಪ್ಪಾಣಿಯ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯ ಮೇಲೆಯೇ ಹರಿದು, ಪುಣೆ-ಬೆಂಗಳೂರು ರಸ್ತೆ ದಿನಗಟ್ಟಲೆ ನಿಂತಿತು. ಉಗಾರದ ಸ್ಟುಡಿಯೋದವನು ತನ್ನ ಎರಡನೆಯ ಪ್ರತಿಯನ್ನು ಹಿಂದಿನ ಓಣಿಯ ಅಣ್ಣನ ಮನೆಯಲ್ಲಿಟ್ಟರೆ ನೀರಿಗೆ ಅವೆರಡೂ ಒಂದೇ. ಚಿಕ್ಕೋಡಿಯ ಎತ್ತರದಲ್ಲಿರುವ ಬೀಗರ ಮನೆಯಲ್ಲಿಟ್ಟರೆ ಅದು ಪ್ರತಿ.

ನೀರು ಇಳಿದ ಮೇಲೆ ನನ್ನಲ್ಲಿಗೆ ಬಂದ ಡಿಸ್ಕುಗಳಲ್ಲಿ ಹೆಚ್ಚಿನವನ್ನು ಜನ ಬಿಸಿಲಿಗೆ ಹರವಿ ಒಣಗಿಸಿ, ಕೆಲವರು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು, ಆಮೇಲೆ ಹಚ್ಚಿ ನೋಡಿ ತಂದಿದ್ದರು. ಕೆಸರು ನೀರು ಒಣಗಿದರೆ ಮಣ್ಣು ಮತ್ತು ಉಪ್ಪು ತಟ್ಟೆಯ ಮೇಲೆ ಅಂಟಿಕೊಳ್ಳುತ್ತವೆ; ಆ ಮೇಲೆ ತಿರುಗಿಸಿದರೆ ತಲೆ ಅದನ್ನೇ ಉಜ್ಜುತ್ತದೆ. ಆದುದರಿಂದ ನೆನೆದ ಡಿಸ್ಕನ್ನು ಒಣಗಿಸಬಾರದು, ಹಚ್ಚಲೇಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಾಗೆಯೇ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಚೀಲದ ಮೇಲೆ ಒಂದು ಚೀಟಿ ಇರಲಿ: ಯಾವ ದಿನ ನೀರು ಹೊಕ್ಕಿತು, ಎಷ್ಟು ದಿನ ನೀರಿನಲ್ಲಿತ್ತು, ಹೊಳೆಯ ನೀರೋ ಗಟಾರದ ನೀರೋ, ಮೊದಲು ಬೇಕಾದ ಕಡತಗಳು ಯಾವ ಹೆಸರಿನವು. ಚೀಟಿಯನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ, ಶಾಯಿಯಾದರೆ ಕದಡಿಹೋದೀತು.